ಲಿಂಗರಾಜು ಹಿಡಿದ ತಪ್ಪು

ಲಿಂಗರಾಜು ನಮ್ಮ ಹೋಟೆಲಿಗೆ ಬಂದ ಮೊದಲ ದಿನವೇ ನನ್ನ ಕಾಫಿ ಲೋಟದಲ್ಲಿ ಬಿರುಕು ಕಂಡುಹಿಡಿದರು. ಸ್ಟೀಲ್ ಲೋಟ ಅದು. ಸ್ಟೀಲಿನಲ್ಲೂ ಬಿರುಕು ಬರುತ್ತದೆಂದು ಅಷ್ಟು ವರ್ಷ ಲೋಟ ತೊಳೆಸಿದ ನನಗೇ ಗೊತ್ತಿರಲಿಲ್ಲ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಸವರಿ, "ಇಲ್ಲಿ ನೋಡ್ರಿ ಅಕ್ಕಾರ, ಕೂದಲಿನಷ್ಟು ಸೀಳೈತಿ. ಯಾಕ ಬಂತು ಇದು? ಕೆಳಗ ಬಿದ್ದಿತ್ತೇನು?" ಎಂದು ಕೇಳಿದರು. ಬೆಳಗಿನ ಎಂಟು ಗಂಟೆ, ಇಡ್ಲಿಗೆ ಜನ ನುಗ್ಗುತ್ತಿದ್ದಾರೆ, ಈ ಮಹಾಶಯರಿಗೆ ಲೋಟದ ಜಾತಕ ಬೇಕು! "ಬೇರೆ ಲೋಟ ಕೊಡ್ತೇನೆ ಮಾರಾಯ್ರೆ, ಕುಡಿದು ಏಳಿ," ಎಂದೆ. ಬೇರೆ ಲೋಟ ತೆಗೆದುಕೊಂಡರು. ಆದರೆ ಮರುದಿನವೂ ಬಂದು ಹಳೆಯ ಲೋಟದ ಕಾರಣ ಕೇಳಿದರು.

ನಾನು ಕುಸುಮಾವತಿ. ಊರು ಕುಂದಾಪುರದ ಕಡೆ. ಗಂಡ ಮುದ್ದಣ್ಣನೂ ನಾನೂ ನಾಸಿಕ್ ಹತ್ತಿರದ ಓಝರ್‌ನಲ್ಲಿ ಶಾಕಾಹಾರಿ ಹೋಟೆಲ್ ನಡೆಸುತ್ತೇವೆ. ಲಿಂಗರಾಜು ಗದಗಿನ ಕಡೆಯವರು. ಇಲ್ಲಿಯ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ತಯಾರಾದ ಬಿಡಿಭಾಗವನ್ನು ಅಳೆದು, ತಟ್ಟಿ, ಭೂತಗನ್ನಡಿ ಇಟ್ಟು ನೋಡಿ, ತಪ್ಪಿದ್ದರೆ ಒಂದು ಹಾಳೆಯಲ್ಲಿ ಬರೆಯುವುದು. ಆ ಹಾಳೆಯ ಕೊನೆಯ ಕಾಲಂ 'ಕಾರಣ'. "ಅದು ಖಾಲಿ ಇದ್ರ ನಾ ಸಹಿ ಹಾಕಂಗಿಲ್ರಿ," ಎನ್ನುತ್ತಿದ್ದರು. "ತಪ್ಪು ಯಾರ್ ಬೇಕಾದ್ರೂ ಹಿಡೀತಾರ. ಕಾರಣ ಹಿಡೀಬೇಕು." ಆಗ ನಾನು ನಗುತ್ತಿದ್ದೆ. ಆ ಗುಣವೇ ಅವರನ್ನು ತಿಂದು ಹಾಕುತ್ತದೆಂದು ಯಾರಿಗೆ ಗೊತ್ತಿತ್ತು? ಗೊತ್ತಿದ್ದರೆ ಆ ಲೋಟವನ್ನು ಅವತ್ತೇ ಅವರ ಕೈಯಿಂದ ಕಿತ್ತು ಎಸೆಯುತ್ತಿದ್ದೆ.

ಅವರಿಗೆ ಬೇಸ್‌ಬಾಲ್ ಹುಚ್ಚು ಹಿಡಿದದ್ದು ರದ್ದಿ ಅಂಗಡಿಯಲ್ಲಿ. ದೇವಳಾಲಿ ಕ್ಯಾಂಪಿನ ಯಾವುದೋ ಹಳೆಯ ಬಂಗಲೆ ಖಾಲಿ ಮಾಡಿದಾಗ ಪುಸ್ತಕಗಳು ರಾಶಿರಾಶಿಯಾಗಿ ತೂಕಕ್ಕೆ ಬಿದ್ದಿದ್ದವು. ಯಂತ್ರಗಳ ನಕ್ಷೆಯ ಪುಸ್ತಕ ಸಿಗಬಹುದೆಂದು ಹೋದವರಿಗೆ ಒಂದು ತೆಳ್ಳನೆಯ ಪುಸ್ತಿಕೆ ಸಿಕ್ಕಿತು. ೧೯೫೪ನೇ ಇಸವಿಯದು. ಅಮೆರಿಕದ ಯಾವುದೋ ಎರಡು ಊರುಗಳ ನಡುವೆ ನಡೆದ, ಹಣ ಕೊಟ್ಟು ನೋಡುವ ದೊಡ್ಡವರ ಬೇಸ್‌ಬಾಲ್ ಪಂದ್ಯ. ನಡುಹಾಳೆಯಲ್ಲಿ ಸಣ್ಣ ಸಣ್ಣ ಚೌಕಗಳು. ಯಾರೋ ಪ್ರೇಕ್ಷಕ ಅವತ್ತು ಕೂತು, ಒಂದೊಂದು ಚೆಂಡಿಗೂ ಏನಾಯಿತೆಂದು ಪೆನ್ಸಿಲಿನಲ್ಲಿ ತುಂಬಿದ್ದ. ಲಿಂಗರಾಜು ಜನ್ಮದಲ್ಲಿ ಬೇಸ್‌ಬಾಲ್ ನೋಡಿದವರಲ್ಲ. ಆ ಒಂದು ಹಾಳೆ ಇಟ್ಟುಕೊಂಡು ನಾಲ್ಕು ತಿಂಗಳಲ್ಲಿ ಇಡೀ ಆಟವನ್ನು ಬಿಡಿಸಿದರು. "ಡ್ರಾಯಿಂಗ್ ಓದಿದ್ಹಂಗ ಓದೀನ್ರಿ," ಎಂದು ಹಿಗ್ಗಿದರು.

ಹಿಗ್ಗಿದ್ದಕ್ಕೆ ಶಿಕ್ಷೆ ನನ್ನ ಸಾಂಬಾರ್ ಬಟ್ಟಲುಗಳಿಗೆ. ಮೇಜಿನ ಮೇಲೆ ನಾಲ್ಕು ಬಟ್ಟಲು ಇಟ್ಟು, "ಇದು ಮನಿ. ಇಲ್ಲಿಂದ ಓಡಿದಾಂವ ಒಂದು, ಎರಡು, ಮೂರು ಮುಟ್ಟಿ ತಿರುಗಿ ಮನಿಗೆ ಬರಬೇಕು. ಬಂದ್ರ ಒಂದು ರನ್ನು," ಎಂದು ಪಾಠ ಮಾಡುತ್ತಿದ್ದರು. ಓಟಗಾರ ಒಂದೊಂದು ಬಟ್ಟಲು ಮುಟ್ಟಿದಂತೆ ಹಾಳೆಯ ಚೌಕದಲ್ಲಿ ಗೆರೆ ಮುಂದುವರಿಯಬೇಕು. ಔಟಾದರೆ ಸುತ್ತು ಹಾಕಿದ ಅಂಕಿ. ಇಷ್ಟು ನನಗೂ ತಲೆಗೆ ಹೋಯಿತು, ಬಟ್ಟಲು ವಾಪಸ್ಸು ಬರಲೆಂದು ಕಾಯುತ್ತ ನಿಂತಿದ್ದೆನಲ್ಲ.

ಆ ಹಳೆಯ ಹಾಳೆಯ ಏಳನೇ ಸಾಲಿನಲ್ಲಿ ಒಂದು ಗೆರೆ ಎರಡನೇ ಬಟ್ಟಲಿನಿಂದ ಮೂರನೆಯದಕ್ಕೆ ಹೊರಟು ಅರ್ಧಕ್ಕೆ ನಿಂತಿತ್ತು. ಔಟಿನ ಗುರುತಿಲ್ಲ. ಮುಂದಿನ ಚೌಕಗಳಲ್ಲಿ ಬೇರೊಬ್ಬನ ಹೆಸರು. "ಔಟ್ ಆಗಿಲ್ಲ, ಮುಟ್ಟೂ ಇಲ್ಲ. ಹಂಗಾದ್ರ ಎಲ್ಲಿ ಹೋದ ಅಂವಾ?" ಎಂದು ಕೇಳಿದರು. ಎಪ್ಪತ್ತು ವರ್ಷದ ಹಿಂದೆ ಓಡಿದವನು ಎಲ್ಲಿ ಹೋದರೆ ನಮಗೇನು ಎಂದೆ. "ಆಗ ತಲಿಗೆ ಹೆಲ್ಮೆಟ್ ಹಾಕೋ ರೂಢಿ ಇದ್ದಿದ್ದಿಲ್ರಿ," ಎಂದು ಸಣ್ಣ ದನಿಯಲ್ಲಿ ಹೇಳಿದರು. ಅಂಚಿನಲ್ಲಿ ಅವರದೇ ಅಕ್ಷರದಲ್ಲಿ 'ಕಾರಣ?' ಎಂದು ಬರೆದಿತ್ತು. ನನಗೆ ಆ ಹಾಳೆ ಅವತ್ತಿನಿಂದ ಇಷ್ಟವಾಗಲಿಲ್ಲ.

ಮುಂದೆ ಅವರು ನಾಸಿಕ್ ಜಿಲ್ಲೆಯ ಬೇಸ್‌ಬಾಲ್ ಪಂದ್ಯಗಳಿಗೆ ಅಂಕ ಬರೆಯುವವರಾದರು. ಮಹಾರಾಷ್ಟ್ರದಲ್ಲಿ ಈ ಆಟ ಆಡುವ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ಬರೆಯುವವರು ಕಡಿಮೆ. ರಜೆ ಬಂದರೆ ಸಾಕು, ಟೋಪಿ ಇಟ್ಟು, ಪೆನ್ಸಿಲು ಕೆತ್ತಿಕೊಂಡು ಹೊರಟರು. ಅಂಕ ಬರೆಯುವವನು ಯಾರ ಪರವಾಗಿಯೂ ಬಾಯಿ ತೆರೆಯಬಾರದು ಎನ್ನುವುದು ನಿಯಮ. ಹನ್ನೆರಡು ವರ್ಷ ಅವರು ಮೈದಾನದಲ್ಲಿ ಕೆಮ್ಮಿದ್ದೂ ಇಲ್ಲ ಎಂದು ಜನ ಹೇಳುತ್ತಿದ್ದರು.

ಅವರ ಹೆಂಡತಿ ಕಮಲಾಕ್ಷಿ, ಒಬ್ಬಳೇ ಮಗಳು ಅಪೂರ್ವ. ಮನೆಯಲ್ಲಿ ಲಿಂಗರಾಜುವಿನದು ಒಂದು ಹಟವಿತ್ತು: ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಅಪ್ಪ ಅಮ್ಮ ಕನ್ನಡದಲ್ಲೇ ಮಾತಾಡುತ್ತಿದ್ದರು. ಮಗಳಿಗೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. "ಉಂಡೇನವಾ?" ಎಂದು ಅಪ್ಪ ಕೇಳಿದರೆ, "ಹೋ ಪಪ್ಪಾ," ಎನ್ನುವಳು. ಮರಾಠಿಯ 'ಹೋ' ಎಂದರೆ ಹೌದು. "ನೋಡ್ರಿ ಅಕ್ಕಾರ, ಊಟ ಆತೇನು ಅಂದ್ರ 'ಹೋ' ಅಂತಾಳ. ಎಲ್ಲಿಗೆ ಹೋಗ್ಲಿ ನಾ?" ಎಂದು ಲಿಂಗರಾಜು ರೇಗಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಅಪೂರ್ವ ಕೂಡ. ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಬೇಕೆಂಬುದು ಅವರ ಆಸೆ. ಹದಿನೇಳು ವರ್ಷವಾದರೂ ಕೇಳಿರಲಿಲ್ಲ.

ಹುಡುಗಿ ಓಟದಲ್ಲಿ ಗಾಳಿ. ಈ ವರ್ಷ ಫೆಬ್ರವರಿಯಲ್ಲಿ ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವ ಪಂದ್ಯ ಛತ್ರಪತಿ ಸಂಭಾಜಿನಗರದಲ್ಲಿ ಇತ್ತು. ಹಲವು ಜಿಲ್ಲೆಗಳ ಹುಡುಗಿಯರನ್ನು ಎರಡು ತಂಡ ಮಾಡಿ ಆಡಿಸುವುದು. ನಾಸಿಕ್ ಜಿಲ್ಲೆಗೆ ಉಳಿದದ್ದು ಒಂದೇ ಸ್ಥಾನ. ಅದಕ್ಕೆ ಇಬ್ಬರ ಹೆಸರು: ನಮ್ಮ ಅಪೂರ್ವ, ಮತ್ತು ಮನ್ಮಾಡಿನ ಅನುರಾಧಾ. ಅನುರಾಧಾಳ ಅಪ್ಪ ರೈಲ್ವೆ ಹಳಿ ನೋಡಿಕೊಳ್ಳುವ ಕೆಲಸದವನು. ರಾಜ್ಯ ತಂಡದಲ್ಲಿ ಆಡಿದರೆ ಮಗಳಿಗೂ ಆಟದ ಮೇಲೆ ರೈಲ್ವೆ ಕೆಲಸ ಸಿಕ್ಕೀತೆಂಬ ಆಸೆ ಅವನಿಗೆ.

ಹಿಂದಿನ ದಿನ ಕಮಲಾಕ್ಷಿ ನನ್ನ ಗಲ್ಲಾದ ಮುಂದೆ ಬಂದು ನಿಂತಳು. "ಅಕ್ಕಾ, ನೀವೂ ಬರ್ರಿ. ನನಗ ಯಾಕೋ ಎದಿ ಡವಡವ ಅಂತದ. ಒಬ್ಬಾಕಿ ಕುಂದ್ರಾಕ ಆಗಂಗಿಲ್ಲ."

"ಎಂತ ಎದೆ ಮಾರಾಯ್ತಿ, ಆಡುವುದು ಮಗಳಲ್ವಾ?" ಎಂದೆ. ಆದರೂ ಹೋದೆ. ಮುದ್ದಣ್ಣ ಗೊಣಗಿದರು, ಗೊಣಗಲಿ. ಒಂದು ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡೆ.

ಮೈದಾನ ಒಂದು ಕಾಲೇಜಿನದು. ಅಲ್ಲಿ ಹೋದ ಮೇಲೆ ಅಂಕ ಬರೆಯುವವನು ಬರಲಿಲ್ಲವೆಂದು ಗೊತ್ತಾಯಿತು. ಆಯ್ಕೆಯ ಜವಾಬ್ದಾರಿ ಹೊತ್ತಿದ್ದ ಕೋಚ್ ಅಭಿಜಿತ್ ನೇರವಾಗಿ ಲಿಂಗರಾಜು ಬಳಿ ಬಂದ. ಮಗಳು ಆಡುವ ಪಂದ್ಯಕ್ಕೆ ಬರೆಯಲಾರೆ ಎಂದು ಇವರು ಎರಡು ಸಲ ಹೇಳಿದರು. "ಕಾಕಾ, ಸ್ವಂತ ಮಗಳನ್ನು ಔಟ್ ಎಂದು ಬರೆಯುವವರು ಇಡೀ ಮಹಾರಾಷ್ಟ್ರದಲ್ಲಿ ನೀವೊಬ್ಬರೇ," ಎಂದು ಅವನು ಮರಾಠಿಯಲ್ಲಿ ಹೊಗಳಿದ. ಹೊಗಳಿಕೆಗೆ ಕರಗದವರು ಯಾರು? ಮೂರನೇ ಬೇಸಿನ, ಎಂದರೆ ನನ್ನ ಮೂರನೇ ಬಟ್ಟಲಿನ, ಪಕ್ಕದಲ್ಲಿ ಹಾಕಿದ್ದ ಮೇಜಿಗೆ ಹೋಗಿ ಕೂತರು.

ಆಟ ಶುರುವಾಗುವ ಮೊದಲು ಅನುರಾಧಾ ದೂರದ ಬಲಮೂಲೆಯಿಂದ ಚೆಂಡೆಸೆದು ಕೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಅಬ್ಬಾ, ಆ ಕೈ! ಒಂದು ಚೆಂಡು ಹಿಡಿಯುವವಳ ಕೈ ತಪ್ಪಿ ಬಂದು ಲಿಂಗರಾಜು ಮೇಜಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಬಡಿಯಿತು. ಕುರ್ಚಿಯ ಬೆನ್ನು ಮೇಲಿಂದ ಕೆಳಗೆ ಸೀಳಿತು. ಲಿಂಗರಾಜು ಎದ್ದು ಆ ಸೀಳನ್ನು ಉಗುರಿನಿಂದ ಸವರಿ ನೋಡಿದ್ದು ನಮಗೆ ಕಾಣಿಸಿತು. ಅವರು ನಮ್ಮ ಕಡೆ ನೋಡಿದರು, ನಗಲಿಲ್ಲ. ಕಮಲಾಕ್ಷಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆಟ ಮುಗಿಯುವವರೆಗೂ ಬಿಡಲಿಲ್ಲ, ನನಗೆ ನೀರು ಕುಡಿಯುವುದಕ್ಕೂ ಒಂದೇ ಕೈ.

ಐದನೇ ಸರದಿಯಲ್ಲಿ ಅಪೂರ್ವ ಎರಡನೇ ಬೇಸಿನಲ್ಲಿ ನಿಂತಿದ್ದಳು. ಅವಳ ತಂಡದವಳೊಬ್ಬಳು ಚೆಂಡನ್ನು ಬಲಮೂಲೆಗೆ ಹೊಡೆದಳು. ಅಪೂರ್ವ ಮೂರನೇ ಬೇಸಿಗೆ ಓಡಿದಳು. ಮೂಲೆಯಲ್ಲಿದ್ದ ಅನುರಾಧಾ ಚೆಂಡೆತ್ತಿ ಮೂರನೇ ಬೇಸಿಗೇ ಎಸೆದಳು. ಓಡುವವಳಿಗೆ ಅದು ಹಿಂದಿನಿಂದ ಬರುವ ಚೆಂಡು, ಕಾಣುವುದಿಲ್ಲ. ನಮಗೆ ಕಾಣುತ್ತಿತ್ತು. ನೇರ ಅವಳ ತಲೆಯ ಮಟ್ಟಕ್ಕೆ ಬರುತ್ತಿತ್ತು. ತಲೆಗೆ ಹೆಲ್ಮೆಟ್ ಇತ್ತು, ಹಿಂದೆಯೂ ಕಿವಿಗೂ ಮುಚ್ಚಿತ್ತು. ಬಗ್ಗಿದರೆ ಚೆಂಡು ಮೇಲೆ ಹಾದು ಹೋಗುತ್ತಿತ್ತು. ಬಗ್ಗದಿದ್ದರೂ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು, ಅಷ್ಟೇ.

ಹನ್ನೆರಡು ವರ್ಷ ಬಾಯಿ ಬಿಡದ ಲಿಂಗರಾಜು ಎದ್ದು ನಿಂತು ಕೂಗಿದರು. "ಬಗ್ಗು!"

ನಾನೂ ಕಮಲಾಕ್ಷಿಯೂ ಕೂತಲ್ಲೇ ತಲೆ ಬಗ್ಗಿಸಿದೆವು. ಇಡೀ ಮೈದಾನದಲ್ಲಿ ಬಗ್ಗಿದವರು ನಾವಿಬ್ಬರೇ. ಅಪೂರ್ವ ಓಡುತ್ತಲೇ ಹಿಂತಿರುಗಿ ನೋಡಿದಳು. ಚೆಂಡು ಅವಳ ಎಡಗಣ್ಣಿಗೆ ಬಡಿಯಿತು.

ಆ ಸದ್ದನ್ನು ನಾನು ವರ್ಣಿಸುವುದಿಲ್ಲ. ಕಮಲಾಕ್ಷಿ ಓಡಿದಳು, ಡಬ್ಬಿ ಉರುಳಿ ಚಿತ್ರಾನ್ನವೆಲ್ಲ ಮಣ್ಣಾಯಿತು, ನಾನು ಅದನ್ನೇ ತುಳಿದುಕೊಂಡು ಓಡಿದೆ. ಲಿಂಗರಾಜು ಮಾತ್ರ ಮೇಜಿನ ಹತ್ತಿರವೇ ನಿಂತಿದ್ದರು. ಮಗಳ ಚೌಕದಲ್ಲಿ ಎರಡನೇ ಬೇಸಿನಿಂದ ಮೂರನೆಯದಕ್ಕೆ ಎಳೆಯುತ್ತಿದ್ದ ಗೆರೆ ಅರ್ಧಕ್ಕೆ ನಿಂತಿತ್ತು. ಅವರು ಅದನ್ನು ನೋಡುತ್ತಿದ್ದರು. ಅಭಿಜಿತ್ ಬಂದು ತೋಳು ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಆಸ್ಪತ್ರೆಯಲ್ಲಿ ಎರಡು ತಾಸು ಕಾಯಿಸಿ ಡಾಕ್ಟರು ಹೇಳಿದರು: ಎಡಗಣ್ಣಿಗೆ ಬೆಳಕು ಕತ್ತಲೆ ಗೊತ್ತಾಗಬಹುದು, ಆಕಾರ ಗೊತ್ತಾಗುವುದು ಕಷ್ಟ. ಕಮಲಾಕ್ಷಿ ಅಳಲಿಲ್ಲ, ಬೆವರಿದಳು. ನಾವಿಬ್ಬರೂ ಮಂಚದ ಹತ್ತಿರ ನಿಂತಿದ್ದೆವು. ನರ್ಸು ಚಿಕ್ಕ ಟಾರ್ಚು ಹಿಡಿದು ಬಂದು, "ಇಕಡೇ ಬಘ್," ಎಂದಳು, ಮರಾಠಿಯಲ್ಲಿ ಇತ್ತ ನೋಡು ಎಂದು. ಅರೆಪ್ರಜ್ಞೆಯಲ್ಲಿದ್ದ ಹುಡುಗಿ ಆ ಮಾತಿಗೆ ಥಟ್ಟನೆ ತಲೆ ತಿರುಗಿಸಿದಳು.

ಬಗ್ಗು. ಬಘ್. ಓಡುವ ಹುಡುಗಿ, ಸುತ್ತ ಮರಾಠಿ ಗದ್ದಲ, ಹಿಂದೆ ಮುಂದೆ ಎಲ್ಲರೂ ಮರಾಠಿಯಲ್ಲಿ ಕೂಗುತ್ತಿದ್ದಾರೆ, ಅದರ ನಡುವೆ ಅಪ್ಪನ ಒಂದು ಮಾತು. ಅವಳಿಗೆ ಕೇಳಿಸಿದ್ದು 'ನೋಡು' ಎಂದು. ಅಪ್ಪ ಹೇಳಿದಂತೆಯೇ ಮಾಡಿದ್ದಳು, ಪಾಪದ ಕೂಸು. ನಾನು ತಲೆಯೆತ್ತಿದರೆ ಕಮಲಾಕ್ಷಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಹೊಳೆದಿತ್ತು. ನನ್ನನ್ನು ಬಾಗಿಲ ಹೊರಗೆ ಎಳೆದು, "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬ್ಯಾಡ್ರಿ. ಅವರು ಬದುಕಂಗಿಲ್ಲ," ಎಂದಳು. ಸರಿ ಎಂದೆ. ಬಾಯಿಗೆ ಬೀಗ ಹಾಕಿಕೊಂಡೆ. ಅದು ತಪ್ಪಾಯಿತೆಂದು ಈಗ ಅನಿಸುತ್ತದೆ, ಆಗ ಅನಿಸಲಿಲ್ಲ.

ಹೆಂಗಸರಿಬ್ಬರು ಬಾಯಿ ಮುಚ್ಚಿಕೊಂಡರೆ ಸಾಕೇ? ಲಿಂಗರಾಜುವಿಗೆ ಕಾರಣ ಬೇಕಿತ್ತು. ಓಝರ್‌ಗೆ ವಾಪಸ್ಸಾದ ನಾಲ್ಕನೇ ದಿನ ಮೈದಾನದ ನಕ್ಷೆ ತೆಗೆದುಕೊಂಡು ನನ್ನ ಹೋಟೆಲಿನ ಮೂಲೆ ಮೇಜಿಗೆ ಬಂದು ಕೂತರು. ಅನುರಾಧಾ ಎಲ್ಲಿ ನಿಂತಿದ್ದಳು, ಚೆಂಡು ಎಷ್ಟು ದೂರ ಬಂತು, ಎಷ್ಟು ಎತ್ತರ, ಎಲ್ಲ ಅಳತೆ. ಒಂದೇ ಸ್ಥಾನ, ಇಬ್ಬರು ಹುಡುಗಿಯರು, ನೇರ ತಲೆಗೆ ಬಂದ ಚೆಂಡು. ಅವಳು ಬೇಕಂತಲೇ ಎಸೆದಳೆಂದು ತೀರ್ಮಾನಿಸಿ ಆಯ್ಕೆ ಸಮಿತಿಗೆ ದೂರು ಬರೆದರು. ಅವಳನ್ನು ಮೂರು ವರ್ಷ ಆಟದಿಂದ ಹೊರಗಿಡಬೇಕೆಂದು ಕೇಳಿದ್ದರು. ನಾನು ಪಕ್ಕದಲ್ಲಿ ಕಾಫಿ ಇಟ್ಟೆ. "ಹುಡುಗಿ ಅಲ್ವಾ, ಬಿಟ್ಟುಬಿಡಿ," ಎಂದೆ.

"ಬಿಡಾಕ ಬರಂಗಿಲ್ರಿ ಅಕ್ಕಾರ. ನನ್ನ ಮಗಳ ಕಣ್ಣು ಹೋಗೇತಿ," ಎಂದರು. ದನಿ ಎತ್ತರಿಸಲಿಲ್ಲ.

ಎರಡು ದಿನ ಬಿಟ್ಟು ಅಭಿಜಿತ್ ಫೋನ್ ಮಾಡಿದ. ಗುರುವಾರ ವಿಚಾರಣೆ ಇಟ್ಟಿದ್ದಾರೆ. ಆದರೆ ಓಡುವವಳು ತಾನಾಗಿ ಹಿಂತಿರುಗಿ ನೋಡಿದರೆ ಎಸೆದವಳ ತಪ್ಪು ಹೇಗಾಗುತ್ತದೆ ಎಂದು ಸಮಿತಿಯವರು ಕೇಳುತ್ತಿದ್ದಾರಂತೆ. ಅಪೂರ್ವ ಯಾಕೆ ತಿರುಗಿದಳು, ಅದನ್ನು ಹೇಳಿ ಎಂದ. ಲಿಂಗರಾಜು ಫೋನಿಟ್ಟು ನನ್ನ ಕಡೆ ನೋಡಿದರು. ಅವರ ಮುಖ ನೋಡಿ ನನಗೆ ಭಯವಾಯಿತು, ಅದರಲ್ಲಿ ಉತ್ಸಾಹ ಇತ್ತು.

"ಬರೋಬರ್ ಕೇಳ್ಯಾನ. ಆಕಿ ಯಾಕ ತಿರುಗಿದ್ಲು? ನಾ ಬಗ್ಗು ಅಂದೆ, ಬಗ್ಗಾಕ ಟೈಮ್ ಇತ್ತು. ಯಾರೋ ಹಿಂದಿಂದ ಆಕಿನ್ನ ಕರದಾರ. ಆ ಅನುರಾಧಾನೇ ಹೆಸರು ಹಿಡಿದು ಕರದಿರಬೇಕು, ತಿರುಗಲಿ ಅಂತ."

"ಅಪೂರ್ವನ್ನೇ ಕೇಳಿದಿರಾ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ಕೇಳೀನಿ. ನೆನಪಿಲ್ಲ ಅಂತಾಳ."

ನೆನಪಿಲ್ಲವಂತೆ! ಆ ಹುಡುಗಿಗೂ ಗೊತ್ತಿತ್ತು ಹಾಗಾದರೆ. ಮೂವರು ಹೆಂಗಸರು ಒಂದೇ ಸುಳ್ಳನ್ನು ಬೇರೆ ಬೇರೆ ಮೂಲೆಯಲ್ಲಿ ಹಿಡಿದುಕೊಂಡು ಕೂತಿದ್ದೆವು. ಅತ್ತ ಮನ್ಮಾಡಿನಲ್ಲಿ ಇನ್ನೊಬ್ಬಳು ಹುಡುಗಿಯ ಬದುಕು ಮುಳುಗಲು ತಯಾರಾಗಿತ್ತು.

ಮಂಗಳವಾರ ಲಿಂಗರಾಜು ಮನ್ಮಾಡಿಗೆ ಹೊರಟರು, ಅನುರಾಧಾಳನ್ನೇ ಕೇಳುತ್ತೇನೆಂದು. ಒಬ್ಬರನ್ನೇ ಕಳಿಸಬೇಡಿರೆಂದು ಕಮಲಾಕ್ಷಿ ಗೋಗರೆದಳು. ನಾನೇ ಬಸ್ಸು ಹತ್ತಿದೆ. ಚಾಂದವಡದ ಹತ್ತಿರ ಲಾಸಲಗಾಂವ್‌ಗೆ ಈರುಳ್ಳಿ ಒಯ್ಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತು ಅರ್ಧ ತಾಸು ತಡವಾಯಿತು. ತಡವಾಗಲಿ, ಬಸ್ಸು ಅಲ್ಲೇ ಕೆಟ್ಟು ನಿಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಿಲ್ಲಲಿಲ್ಲ.

ರೈಲ್ವೆ ಕ್ವಾರ್ಟರ್ಸಿನ ಬಾಗಿಲಲ್ಲಿ ಅನುರಾಧಾಳ ಅಪ್ಪ ಕೈಮುಗಿದು ನಿಂತ. ಒಳಗೆ ಕರೆದ, ನೀರು ಕೊಟ್ಟ. ಲಿಂಗರಾಜು ನೀರು ಮುಟ್ಟಲಿಲ್ಲ. ಹಾಳೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಹುಡುಗಿಯ ಎದುರು ಕೂತರು. ಅವಳು ಅತ್ತು ಅತ್ತು ಮುಖ ಊದಿಕೊಂಡಿತ್ತು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

"ನೀನು ಅಪೂರ್ವಳ ಹೆಸರು ಹಿಡಿದು ಕರೆದೆಯಾ?"

"ಇಲ್ಲ ಕಾಕಾ. ದೇವರಾಣೆ ಕರೆದಿಲ್ಲ."

"ಮತ್ತೆ ಅವಳು ಯಾಕೆ ತಿರುಗಿದಳು?"

ಹುಡುಗಿ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ಇಷ್ಟು ದೊಡ್ಡವರು ಇದನ್ನು ಯಾಕೆ ಕೇಳುತ್ತಿದ್ದಾರೆಂದು ಅವಳಿಗೆ ಅರ್ಥವಾಗಲಿಲ್ಲ. "ನೀವೇ 'ಬಘ್' ಅಂತ ಕೂಗಿದಿರಲ್ಲ ಕಾಕಾ. ನಾವೆಲ್ಲ ನೋಡಿದೆವು. ಅವಳೂ ನೋಡಿದಳು."

ಲಿಂಗರಾಜು ನಕ್ಕರು. ನಿಜವಾಗಿ ನಕ್ಕರು, ಸುಳ್ಳು ಸಿಕ್ಕಿಬಿತ್ತು ಎನ್ನುವ ಹಾಗೆ. "ನಾನು 'ಬಘ್' ಎನ್ನಲೇ ಇಲ್ಲ. ನಾನು ಹೇಳಿದ್ದು ಕನ್ನಡ. ನಾನು ಅಂದದ್ದು ಬಗ್ಗು..."

ಅಲ್ಲಿಗೆ ನಿಂತರು. ಬಾಯಿ ತೆರೆದೇ ಇತ್ತು. ಹೊರಗೆ ಗಾಡಿಯೊಂದು ಹಾದು ಹೋಯಿತು, ಕಿಟಕಿ ಗಡಗಡ ಅಂದಿತು. ಅವರು ಇನ್ನೊಂದು ಸಲ ಆ ಮಾತನ್ನು ತುಟಿಯಲ್ಲೇ ಹೇಳಿಕೊಂಡರು, ದನಿಯಿಲ್ಲದೆ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದು ಆ ಹುಡುಗಿಯ ಅಪ್ಪನಿಗೆ ಕೈಮುಗಿದು ಹೊರಗೆ ಬಂದರು. ಅನುರಾಧಾ ನನ್ನನ್ನು, ಏನಾಯಿತು ಚಿಕ್ಕಮ್ಮಾ ಎಂದು ಕೇಳಿದಳು. ಅವಳ ತಲೆ ಸವರಿ ಹೊರಟೆ.

ವಾಪಸ್ಸು ಬರುವಾಗ ಬಸ್ಸು ಚಾಂದವಡ ದಾಟಿದ ಮೇಲೆ ಲಿಂಗರಾಜು ಕೇಳಿದರು. "ಅಕ್ಕಾರ, ನಾ ಕೂಗಿದಾಗ ನೀವೇನ್ ಮಾಡಿದ್ರಿ?"

"ಬಗ್ಗಿದೆ."

"ಕಮಲಾಕ್ಷಿ?"

"ಅವಳೂ ಬಗ್ಗಿದಳು."

"ಉಳದವ್ರು?"

ನಾನು ಕೈಯಲ್ಲಿದ್ದ ಬಸ್ಸಿನ ಟಿಕೇಟನ್ನು ಮಡಿಸತೊಡಗಿದೆ. "ನಿಮಗ ಯಾವಾಗ ಗೊತ್ತಾತು?" ಎಂದರು. ಇನ್ನು ಮುಚ್ಚಿ ಏನು ಉಪಯೋಗ? ಆಸ್ಪತ್ರೆಯಲ್ಲೇ ಎಂದೆ. ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. "ಹನ್ನೊಂದು ದಿನ," ಎಂದರು ಅಷ್ಟೇ. ಹನ್ನೊಂದು ದಿನ ಆ ಹುಡುಗಿಯನ್ನು ಅಳಿಸಿದ ಲೆಕ್ಕ ಅದು ಎಂದು ನನಗೆ ತಿಳಿಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವರ ಮನೆ ತಲುಪಿದಾಗ ಸಂಜೆ ಐದು ಗಂಟೆ. ಅಪೂರ್ವ ಹೊರಗಿನ ಕೋಣೆಯಲ್ಲಿ ಕೂತಿದ್ದಳು, ಎಡಗಣ್ಣಿಗೆ ಬಿಳಿ ಪಟ್ಟಿ. ಕಮಲಾಕ್ಷಿ ಅಡುಗೆಮನೆಯಿಂದ ಬಂದವಳು ನನ್ನ ಮುಖ ನೋಡಿ ಗೋಡೆ ಹಿಡಿದುಕೊಂಡಳು. ಲಿಂಗರಾಜು ಚಪ್ಪಲಿಯನ್ನೂ ಬಿಡದೆ ಮಗಳ ಎದುರು ನೆಲದ ಮೇಲೆ ಕೂತರು.

"ಖರೇ ಹೇಳವಾ. ಅವತ್ತ ನಾ ಕೂಗಿದಾಗ ನಿನಗ ಏನ್ ಕೇಳಿಸ್ತು?"

ಹುಡುಗಿ ಅಪ್ಪನನ್ನು ನೋಡಿದಳು. ಆಮೇಲೆ ತಾಯಿಯನ್ನು, ಆಮೇಲೆ ನನ್ನನ್ನು, ಒಂದೇ ಕಣ್ಣಿನಲ್ಲಿ. ಎಲ್ಲಿಂದ ಬಂದಿದ್ದೇವೆ, ಏನು ತಿಳಿದುಕೊಂಡು ಬಂದಿದ್ದೇವೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ನೇರವಾಗಿ ಕೂತಳು.

"ಅಪ್ಪಾ," ಎಂದಳು.

ಪಪ್ಪಾ ಅಲ್ಲ, ಅಪ್ಪಾ. ಕಮಲಾಕ್ಷಿಯ ಬಾಯಿಂದ ಸಣ್ಣ ಸದ್ದು ಬಂತು.

"ಅಪ್ಪಾ, ನೀವು ಕನ್ನಡ ಹೇಳಿದ್ರಿ. ನಂಗೆ... ನಂಗೆ ಎಲ್ಲ ತಿಳೀತು. ನೀವು ತಲಿ ಕೆಳಗ ಮಾಡಾಕ ಹೇಳಿದ್ರಿ. ನಾನು ಮಾಡಿಲ್ಲ. ನಂದು ಚೂಕ್." ತಪ್ಪು ಎನ್ನುವುದಕ್ಕೆ ಕನ್ನಡದ ಮಾತು ಅವಳಿಗೆ ಸಿಗಲಿಲ್ಲ, ಮರಾಠಿಯ ಚೂಕ್ ಬಂತು. ಎಷ್ಟು ದಿನದಿಂದ ಒಬ್ಬಳೇ ಕೂತು ಬಾಯಿಪಾಠ ಮಾಡಿದ್ದಳೋ ದೇವರಿಗೇ ಗೊತ್ತು. ಹದಿನೇಳು ವರ್ಷ ಅಪ್ಪ ಕಾದ ಪೂರ್ತಿ ವಾಕ್ಯ ಅದು.

ಲಿಂಗರಾಜು ಮಗಳ ಎರಡೂ ಕೈ ಹಿಡಿದುಕೊಂಡರು. "ನಾ ಏನಂತ ಕೂಗಿದ್ನಿ? ಆ ಮಾತಷ್ಟ ಹೇಳು."

ಹೇಳಬೇಡ ಎಂದು ಕೂಗಬೇಕೆನಿಸಿತು ನನಗೆ. ಹುಡುಗಿ ಅಪ್ಪನ ಕಣ್ಣಿನಲ್ಲೇ ಕಣ್ಣಿಟ್ಟು, ಅವಸರದಲ್ಲಿ, ಖಚಿತವಾಗಿ ಹೇಳಿದ ಹಾಗಿರಲೆಂದು ಜೋರಾಗಿ ಅಂದಳು: "ಬಘು."

ಅವಳ ನಾಲಗೆಯಲ್ಲಿ ಕನ್ನಡದ ಬಗ್ಗು ಮರಾಠಿಯ ಬಘ್ ಆಗಿಯೇ ಇತ್ತು. ತಾನು ಏನು ಅಂದೆ ಎನ್ನುವುದು ಅವಳಿಗೆ ಗೊತ್ತಾಗಲೂ ಇಲ್ಲ. ಸುಳ್ಳು ಚೆನ್ನಾಗಿ ಹೇಳಿದೆ ಎಂದುಕೊಂಡು ಅಪ್ಪನಿಗೆ ಒಂದು ನಗು ಬೇರೆ ಕೊಟ್ಟಳು.

"ಹೌದವಾ," ಎಂದರು ಲಿಂಗರಾಜು. "ಬರೋಬರ್ ಅಂದಿ." ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಅವರ ಭುಜ ಅಲುಗುತ್ತಿತ್ತು. ನಾನು ಅಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಸ್ವಲ್ಪ ಹೊತ್ತಿನ ಮೇಲೆ ಮೇಲೆದ್ದು, ಫೋನು ತೆಗೆದು ಅಭಿಜಿತ್‌ಗೆ ಹಚ್ಚಿದರು. ದೂರು ವಾಪಸ್ಸು ತೆಗೆದುಕೊಳ್ಳುತ್ತೇನೆ, ಅನುರಾಧಾಳದ್ದು ಏನೂ ತಪ್ಪಿಲ್ಲ, ಗುರುವಾರ ಬಂದು ಅದನ್ನೇ ಹೇಳುತ್ತೇನೆ ಎಂದರು. ತಮಗೆ ಬರುವ ಒರಟು ಮರಾಠಿಯಲ್ಲಿ, ಒಂದೊಂದೇ ಮಾತು ಜೋಡಿಸಿ. ಅವನು ಆ ಕಡೆಯಿಂದ ಏನೋ ಕೇಳಿದ. "ಹೌದು, ಕಾರಣ ಸಿಕ್ಕಿದೆ," ಎಂದರು. "ಬರೆದುಕೋ. ಮೈದಾನದಲ್ಲಿ ಬಾಯಿ ತೆರೆಯಬಾರದವನು ತೆರೆದ. ಹೆಸರು ಹೇಳುತ್ತೇನೆ."

ಅಪೂರ್ವ ಎದ್ದು ಓಡಿಬಂದಳು. ಎಡಗಡೆ ಇದ್ದ ಸ್ಟೂಲು ಅವಳಿಗೆ ಕಾಣಲಿಲ್ಲ, ಮೊಣಕಾಲಿಗೆ ಬಡಿದು ಮುಗ್ಗರಿಸಿದಳು, ಆದರೂ ಅಪ್ಪನ ತೋಳಿಗೆ ಜೋತುಬಿದ್ದು ಫೋನು ಕಸಿಯಲು ನೋಡಿದಳು. ಕಲಿತಿದ್ದ ಕನ್ನಡವೆಲ್ಲ ಮರೆತುಹೋಗಿತ್ತು. "ನಕೋ ಪಪ್ಪಾ! ನಕೋ, ನಕೋ!" ಎಂದು, ಬೇಡ ಎನ್ನುವುದನ್ನೂ ಮರಾಠಿಯಲ್ಲೇ ಚೀರುತ್ತಿದ್ದಳು. ಲಿಂಗರಾಜು ಒಂದು ಕೈಯಿಂದ ಅವಳನ್ನು ಹಿಡಿದುಕೊಂಡು, ತಪ್ಪಾಗಿ ಬರೆಯದಿರಲೆಂದು, ತಮ್ಮ ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿದರು.